ಕೊಂಡ, ಕಾದ, ಕೈ ಬಿಡಲಿಲ್ಲ: ನ್ಯೂಯಾರ್ಕ್ ನೆಲಕ್ಕೆ ಒಡೆಯನಾದ ಮಾಂಸದಂಗಡಿಯವನ ಮಗ

ಸಿನಿಮಾದಲ್ಲೋ ರೀಲ್ಸ್‌ನಲ್ಲೋ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್ ನೋಡದವರು ಈಗ ಕಮ್ಮಿ. ಕಟ್ಟಡದ ಮೈತುಂಬಾ ಜಾಹೀರಾತು, ರಾತ್ರಿ ಅಂತಾನೇ ಗೊತ್ತಾಗದಷ್ಟು ಬೆಳಕು, ಕಾಲಿಡೋಕೆ ಜಾಗ ಇಲ್ಲದಷ್ಟು ಜನ. 1803ರಲ್ಲಿ ಅಲ್ಲಿದ್ದದ್ದು ಬರೀ ಹೊಲ. ಈಡನ್ ಅನ್ನೋ ಮನೆತನದ ಜಮೀನು. ಊರ ನಡುವಿನಿಂದ ಮೂರು ಮೈಲಿಗೂ ಹೆಚ್ಚು ದೂರ. ಅಂಥ ಜಾಗವನ್ನು ತುಪ್ಪಳದ ವ್ಯಾಪಾರಿಯೊಬ್ಬ ಇನ್ನೊಬ್ಬ ಪಾಲುದಾರನ ಜೊತೆ ಸೇರಿ 25,000 ಡಾಲರ್ ಕೊಟ್ಟು ಕೊಂಡ. ಕೊಂಡವನು ಅಲ್ಲಿ ಮನೆ ಕಟ್ಟಲಿಲ್ಲ, ಬೇಲಿ ಕಿತ್ತು ಸೈಟು ಮಾಡಿ ಮಾರೋ ಅವಸರಕ್ಕೂ ಬೀಳಲಿಲ್ಲ. ಸುಮ್ಮನೆ ಇಟ್ಟುಕೊಂಡ.

ಆತನ ಹೆಸರು ಜಾನ್ ಜೇಕಬ್ ಆಸ್ಟರ್. 1848ರಲ್ಲಿ ಸಾಯುವಾಗ ಅಮೆರಿಕದ ಅತಿ ದೊಡ್ಡ ಶ್ರೀಮಂತ. ಆಸ್ತಿ ಸುಮಾರು 2 ಕೋಟಿ ಡಾಲರ್. ಆ ಕಾಲಕ್ಕೆ ಅದು ಊಹೆಗೂ ಸಿಗದ ಮೊತ್ತ. ಶುರು ಮಾಡಿದ್ದು ತುಪ್ಪಳದಿಂದ. ಆದರೆ ಮೊಮ್ಮಕ್ಕಳು ಮರಿಮಕ್ಕಳವರೆಗೂ ಉಳಿದದ್ದು ನೆಲ.

ಜರ್ಮನಿಯ ಹೈಡಲ್‌ಬರ್ಗ್ ಹತ್ತಿರ ವಾಲ್‌ಡಾರ್ಫ್ ಅಂತ ಒಂದು ಸಣ್ಣ ಊರು. 1763ರ ಜುಲೈ 17ರಂದು ಆಸ್ಟರ್ ಅಲ್ಲಿ ಹುಟ್ಟಿದ. ಅಪ್ಪನದ್ದು ಮಾಂಸದ ವ್ಯಾಪಾರ. ಮನೆಯಲ್ಲಿ ಮಕ್ಕಳು ಜಾಸ್ತಿ, ದುಡ್ಡು ಕಮ್ಮಿ. ಅಣ್ಣಂದಿರು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು. ಒಬ್ಬ ಲಂಡನ್‌ಗೆ ಹೋಗಿ ಸಂಗೀತ ವಾದ್ಯ ತಯಾರಿಸುತ್ತಿದ್ದ, ಇನ್ನೊಬ್ಬ ಹೆನ್ರಿ ನ್ಯೂಯಾರ್ಕ್ ಸೇರಿ ಅಪ್ಪನ ಕಸುಬನ್ನೇ ಹಿಡಿದಿದ್ದ. ಕಿರಿಯವನೂ ಹದಿನಾರು ಹದಿನೇಳರ ವಯಸ್ಸಿಗೆ ಹೊರಟು ಲಂಡನ್ ಅಣ್ಣನ ಹತ್ತಿರ ಸೇರಿಕೊಂಡ. ಅಲ್ಲಿ ಕೆಲಸ ಕಲಿತ, ಇಂಗ್ಲಿಷ್ ಕಲಿತ, ಕಾಸಿಗೆ ಕಾಸು ಕೂಡಿಟ್ಟ.

ಅಮೆರಿಕ ಬ್ರಿಟಿಷರಿಂದ ಬಿಡುಗಡೆ ಆದದ್ದು 1783ರಲ್ಲಿ. ಅದೇ ವರ್ಷದ ಕೊನೆಗೆ ಆಸ್ಟರ್ ಹಡಗು ಹತ್ತಿದ. ಕೈಯಲ್ಲಿ ಇದ್ದದ್ದು ಮಾರೋಕೆ ಅಂತ ಒಂದಷ್ಟು ಕೊಳಲು, ಸ್ವಲ್ಪ ಕಾಸು. ಅಮೆರಿಕದ ಹತ್ತಿರ ಬಂದ ಮೇಲೆ ಚೆಸಾಪೀಕ್ ಕೊಲ್ಲಿಯ ನೀರೇ ಹೆಪ್ಪುಗಟ್ಟಿ ಹಡಗು ಸಿಕ್ಕಿಹಾಕಿಕೊಳ್ತು. ದಡ ಕಾಣ್ತಾ ಇದೆ, ಇಳಿಯೋ ಹಾಗಿಲ್ಲ. ವಾರಗಟ್ಟಲೆ ಹಾಗೇ ಕೂತ. ಈ ಕೂತದ್ದೇ ಒಳ್ಳೇದಾಯ್ತು ಅನ್ನಬೇಕು. ಹಡಗಿನಲ್ಲಿದ್ದ ಇನ್ನೊಬ್ಬ ಜರ್ಮನ್‌ನಿಂದ ತುಪ್ಪಳದ ವ್ಯಾಪಾರದ ಒಳಗುಟ್ಟೆಲ್ಲ ಕೇಳಿ ತಿಳಿದುಕೊಂಡ ಅಂತ ಆತನ ಜೀವನ ಬರೆದವರು ಹೇಳ್ತಾರೆ. ಯಾರ ಹತ್ತಿರ ಕೊಳ್ಳಬೇಕು, ಏನು ಕೊಟ್ಟು ಕೊಳ್ಳಬೇಕು, ಎಲ್ಲಿ ಮಾರಬೇಕು ಅನ್ನೋದನ್ನ ಇಳಿಯೋ ಮೊದಲೇ ಕಲಿತಿದ್ದ.

ನ್ಯೂಯಾರ್ಕ್‌ನಲ್ಲಿ ಮೊದಮೊದಲು ಬೇಕರಿಯವನೊಬ್ಬನ ರೊಟ್ಟಿ ಹೊತ್ತು ಬೀದಿಯಲ್ಲಿ ಮಾರಿದ. ಆಮೇಲೆ ತುಪ್ಪಳದ ಅಂಗಡಿಯಲ್ಲಿ ಕೂಲಿ. ಚರ್ಮಕ್ಕೆ ಹುಳ ಹಿಡಿಯದ ಹಾಗೆ ದಿನವಿಡೀ ಬಡಿದು ದೂಳು ಕೊಡವೋ ಕೆಲಸ. 1785ರಲ್ಲಿ ಸಾರಾ ಟಾಡ್ ಜೊತೆ ಮದುವೆಯಾಯ್ತು. ಆಕೆಯ ತಾಯಿ ಬಾಡಿಗೆಗೆ ಕೋಣೆ ಕೊಟ್ಟು ಊಟ ಹಾಕೋ ಮನೆ ನಡೆಸುತ್ತಿದ್ದರು. ಸಾರಾ ತಂದದ್ದು 300 ಡಾಲರ್. ಅದಕ್ಕಿಂತ ದೊಡ್ಡದು ಆಕೆಯ ಕಣ್ಣು. ಚರ್ಮ ಮುಟ್ಟಿ ನೋಡಿ ಬೆಲೆ ಹೇಳೋದ್ರಲ್ಲಿ ಗಂಡನಿಗಿಂತ ಒಂದು ಕೈ ಮೇಲು ಅಂತ ಆಕೆಗೆ ಹೆಸರಿತ್ತು. ಗಂಡ ತಿಂಗಳುಗಟ್ಟಲೆ ಕಾಡಿನ ದಾರಿಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ಅಲೆಯುವಾಗ ಅಂಗಡಿ ನೋಡಿಕೊಂಡದ್ದು ಆಕೆ. ಆಸ್ಟರ್ ಕಥೆ ಹೇಳೋರು ಈ ಹೆಣ್ಣುಮಗಳನ್ನ ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ, ಅದು ಸರಿಯಲ್ಲ.

ಬೀವರ್ ಅಂತ ಒಂದು ಪ್ರಾಣಿ. ಅದರ ತುಪ್ಪಳದ ಟೋಪಿಗೆ ಯುರೋಪಿನಲ್ಲಿ ಆಗ ಎಲ್ಲಿಲ್ಲದ ಬೇಡಿಕೆ. ಮೂಲನಿವಾಸಿ ಬುಡಕಟ್ಟುಗಳಿಂದ ಚರ್ಮ ಕೊಂಡು ಲಂಡನ್‌ಗೆ ಕಳಿಸೋದು, ಅಲ್ಲಿಂದ ಬೇರೆ ಸಾಮಾನು ತರೋದು. 1800ರ ಆಸುಪಾಸಿಗೆ ಹಡಗು ಚೀನಾ ಕಡೆಗೂ ಹೊರಟಿತು. ತುಪ್ಪಳ ಹೋಗಿ ಟೀ, ರೇಷ್ಮೆ ಬರ್ತಿತ್ತು. ಲಾಭ ಕೈತುಂಬಾ. ಈ ವ್ಯಾಪಾರದಲ್ಲಿ ಕೊಳಕೂ ಇತ್ತು. ಆತನ ಕಂಪನಿಯವರು ಕಾನೂನು ಬೇಡ ಅಂದ್ರೂ ಬುಡಕಟ್ಟು ಜನಕ್ಕೆ ಸಾರಾಯಿ ಕುಡಿಸಿ ಚರ್ಮ ಕಿತ್ತುಕೊಂಡರು. 1816ರಲ್ಲಿ ಟರ್ಕಿಯ ಅಫೀಮು ಕೊಂಡು ಚೀನಾಕ್ಕೆ ಸಾಗಿಸಿದ್ದೂ ಉಂಟು. ನೆಲಕ್ಕೆ ಸುರಿದ ದುಡ್ಡು ಎಲ್ಲಿಂದ ಬಂತು ಅಂತ ಕೇಳೋರಿಗೆ ಉತ್ತರ ಇದರಲ್ಲೇ ಇದೆ.

ಊರು ಎತ್ತ ಬೆಳೆಯುತ್ತೆ

ಮೊದಲ ಜಾಗ ಕೊಂಡದ್ದು 1789ರಲ್ಲಿ, ಬೌರಿ ರಸ್ತೆಯ ಬಳಿ, ಅಣ್ಣ ಹೆನ್ರಿಯಿಂದ. ಎರಡು ಸೈಟು. ಅಣ್ಣತಮ್ಮಂದಿರ ನಡುವೆಯೂ ದುಡ್ಡು ಕೊಟ್ಟು, ಪತ್ರ ಮಾಡಿಸಿಯೇ ಕೊಂಡದ್ದು.

ನ್ಯೂಯಾರ್ಕ್ ಆಗ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣದ ತುದಿಯಲ್ಲಿ ಮುದುಡಿಕೊಂಡಿದ್ದ ಊರು. 1790ರ ಜನಗಣತಿಯಲ್ಲಿ 33,131 ಜನ. ಈಗಿನ ಒಂದು ತಾಲೂಕು ಕೇಂದ್ರದಷ್ಟು ಅಂದುಕೊಳ್ಳಿ. ಎರಡು ಕಡೆ ನದಿ, ಇನ್ನೊಂದು ಕಡೆ ಸಮುದ್ರ. ಬೆಳೆಯೋದಿದ್ರೆ ಉತ್ತರಕ್ಕೆ ಮಾತ್ರ ಬೆಳೀಬೇಕು. ಇದೇನು ದೊಡ್ಡ ಗುಟ್ಟಲ್ಲ, ನಕ್ಷೆ ನೋಡಿದವರಿಗೆಲ್ಲ ಗೊತ್ತಾಗೋ ಮಾತು. ಗೊತ್ತಾಗದೇ ಇದ್ದದ್ದು ಯಾವಾಗ ಅನ್ನೋದು.

ಅದಕ್ಕೊಂದು ಮಜವಾದ ಸಾಕ್ಷಿ ಈಗಲೂ ನಿಂತಿದೆ. ನಗರಸಭೆಯ ಕಟ್ಟಡ ಸಿಟಿ ಹಾಲ್ ಕಟ್ಟೋಕೆ ಶುರು ಮಾಡಿದ್ದು 1803ರಲ್ಲಿ. ಮುಂದಿನ ಭಾಗಕ್ಕೂ ಅಕ್ಕಪಕ್ಕಕ್ಕೂ ಅಮೃತಶಿಲೆ ಹಾಕಿದರು, ಹಿಂದಿನ ಗೋಡೆಗೆ ಅಂದ್ರೆ ಉತ್ತರದ ಕಡೆಗೆ ಅಗ್ಗದ ಕಂದು ಕಲ್ಲು. ಆ ಕಡೆಯಿಂದ ನೋಡೋರು ಯಾರಿದ್ದಾರೆ ಅನ್ನೋ ಲೆಕ್ಕಾಚಾರ ಅಂತ ಆ ಊರಲ್ಲಿ ಮಾತಿದೆ. ಊರಿನ ಆಡಳಿತ ಬೆನ್ನು ಹಾಕಿ ನಿಂತ ದಿಕ್ಕಿನಲ್ಲೇ, ಅದೇ ವರ್ಷ, ಮೂರು ಮೈಲಿ ಆಚೆ ಆಸ್ಟರ್ ಹೊಲ ಕೊಂಡದ್ದು.

ಆತನ ಬಗ್ಗೆ ಒಂದು ಕಥೆ ಬಹಳ ಓಡಾಡುತ್ತೆ. ವಾಲ್ ಸ್ಟ್ರೀಟ್ ಹತ್ತಿರ ಇದ್ದ ಒಂದು ಸೈಟನ್ನ 8,000 ಡಾಲರ್‌ಗೆ ಮಾರಿದನಂತೆ. ಕೊಂಡವನು ಪತ್ರಕ್ಕೆ ಸಹಿ ಬಿದ್ದ ಮೇಲೆ ನಗ್ತಾ, ಇನ್ನು ಕೆಲವೇ ವರ್ಷದಲ್ಲಿ ಇದಕ್ಕೆ 12,000 ಬರುತ್ತೆ, ನೀನು ಮೋಸ ಹೋದೆ ಅನ್ನೋ ಹಾಗೆ ಹೇಳಿದನಂತೆ. ಆಸ್ಟರ್ ಒಪ್ಪಿಕೊಂಡನಂತೆ. ಆದರೆ ಈ 8,000ದಲ್ಲಿ ತಾನು ಕೆನಾಲ್ ಸ್ಟ್ರೀಟ್‌ನಿಂದ ಆಚೆ 80 ಸೈಟು ಕೊಳ್ತೀನಿ, ಇದು 12,000 ಆಗೋ ಹೊತ್ತಿಗೆ ಅವು 80,000 ಆಗಿರುತ್ತೆ ಅಂದನಂತೆ. ಕಥೆ ಎಷ್ಟು ನಿಜವೋ, ನಡೆದುಕೊಂಡ ರೀತಿ ಮಾತ್ರ ಹಾಗೇ ಇತ್ತು. ಆತ ಏನನ್ನೂ ಮಾರಲೇ ಇಲ್ಲ ಅನ್ನೋದು ತಪ್ಪು. ಊರೊಳಗಿನ ದುಬಾರಿ ಜಾಗ ಮಾರಿ ಊರಾಚೆಯ ಅಗ್ಗದ ಜಾಗ ಕೊಂಡ. ಆ ದುಡ್ಡನ್ನ ನೆಲದಿಂದ ಆಚೆ ತೆಗೀಲಿಲ್ಲ ಅಷ್ಟೇ.

1811ರಲ್ಲಿ ಸರ್ಕಾರ ನೇಮಿಸಿದ ಕಮಿಷನರ್‌ಗಳು ದ್ವೀಪಕ್ಕೆಲ್ಲ ಚೌಕಾಕಾರದ ನಕ್ಷೆ ಹಾಕಿಕೊಟ್ಟರು. ಉದ್ದಕ್ಕೆ 12 ದೊಡ್ಡ ರಸ್ತೆ, ಅಡ್ಡಕ್ಕೆ 155 ಬೀದಿ. ಹೊಲ, ಗುಡ್ಡ, ಹಳ್ಳ ಏನಿದ್ರೂ ಗೆರೆ ಗೆರೆಯೇ. ಸೈಟಿನ ಅಳತೆ 25x100 ಅಡಿ ಅಂತ ರೂಢಿಯಾಯ್ತು. ಗದ್ದೆಯಾಗಿದ್ದದ್ದು ಕಾಗದದ ಮೇಲೆ ಲೇಔಟ್ ಆಯ್ತು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಒಳನಾಡಿನ ಗೋಧಿ, ಮರ ಎಲ್ಲವೂ ನ್ಯೂಯಾರ್ಕ್ ಬಂದರಿಗೆ ಹರಿದು ಬಂತು. 1820ರಲ್ಲಿ 1,23,706 ಇದ್ದ ಜನಸಂಖ್ಯೆ 1840ಕ್ಕೆ 3,12,710. ಕಾಲುವೆ ತೋಡಿದ್ದು ಆಸ್ಟರ್ ಅಲ್ಲ, ಬೀದಿ ಹಾಕಿದ್ದೂ ಆತನಲ್ಲ.

ಕಟ್ಟೋರು ಅವರು, ನೆಲ ಈತನದ್ದು

ಬರೀ ಇಟ್ಟುಕೊಂಡು ಕೂತರೆ ಕಂದಾಯ ಕಟ್ಟೋರು ಯಾರು? ಇದಕ್ಕೆ ಆತ ಹಿಡಿದ ದಾರಿ ಗುತ್ತಿಗೆ. ಸೈಟನ್ನ ಸಾಮಾನ್ಯವಾಗಿ 21 ವರ್ಷಕ್ಕೆ ಲೀಸ್‌ಗೆ ಕೊಡೋದು. ಮನೆ, ಅಂಗಡಿ ಏನೇ ಕಟ್ಟಿದ್ರೂ ಖರ್ಚು ಗುತ್ತಿಗೆದಾರನದ್ದು. ತೆರಿಗೆಯೂ ಅವನದ್ದೇ. ವರ್ಷ ವರ್ಷ ನೆಲಬಾಡಿಗೆ ಆಸ್ಟರ್‌ಗೆ. ಅವಧಿ ಮುಗಿದಾಗ ಆ ಹೊತ್ತಿನ ಬೆಲೆಗೆ ತಕ್ಕ ಹಾಗೆ ಬಾಡಿಗೆ ಏರಿಸಿ ಮತ್ತೆ ಬರೆದುಕೊಡೋದು, ಇಲ್ಲಾ ಜಾಗ ವಾಪಸ್ ತಗೊಳ್ಳೋದು. ಊರು ಬೆಳೆದಷ್ಟೂ ಲಾಭ ಒಡೆಯನಿಗೆ, ಕಟ್ಟಡ ಹಳತಾದಷ್ಟೂ ನಷ್ಟ ಗುತ್ತಿಗೆದಾರನಿಗೆ.

ಇದರಿಂದ ಇನ್ನೊಂದು ಆಯ್ತು. 21 ವರ್ಷ ಆದ ಮೇಲೆ ಏನೋ ಗೊತ್ತಿಲ್ಲ ಅನ್ನೋ ಜಾಗದಲ್ಲಿ ಯಾರು ಗಟ್ಟಿಯಾಗಿ ಕಟ್ಟಿಸ್ತಾರೆ? ಬೇಗ ದುಡ್ಡು ವಾಪಸ್ ಬರೋ ಹಾಗೆ ಕಟ್ಟಿ, ಕೋಣೆಗೆ ಕೋಣೆ ಒಡೆದು, ಹಡಗಿನಿಂದ ಇಳಿದ ಬಡವರಿಗೆ ಬಾಡಿಗೆಗೆ ಕೊಟ್ಟರು. ಒಂದೇ ಮನೆಯಲ್ಲಿ ಹತ್ತಾರು ಸಂಸಾರ ತುಂಬಿಕೊಂಡ ಕತ್ತಲೆ ವಠಾರಗಳು ಆಸ್ಟರ್ ಕುಟುಂಬದ ನೆಲದ ಮೇಲೂ ಎದ್ದವು. ಕಾಗದ ನೋಡಿದರೆ ಆಸ್ಟರ್ ಬಾಡಿಗೆ ತಗೊಳ್ತಿದ್ದದ್ದು ಗುತ್ತಿಗೆದಾರನಿಂದ, ಆ ಸಂಸಾರಗಳಿಗೂ ಆತನಿಗೂ ಸಂಬಂಧ ಇಲ್ಲ. ಕಾಗದದಲ್ಲಿ ಅಷ್ಟೇ.

ಕಾಯೋದಕ್ಕೆ ವಾಕ್ಸ್‌ಹಾಲ್ ಗಾರ್ಡನ್‌ನಂಥ ಉದಾಹರಣೆ ಇನ್ನೊಂದಿಲ್ಲ. 1804ರಲ್ಲಿ ಊರಾಚೆಯ ಒಂದು ದೊಡ್ಡ ತೋಟವನ್ನ 45,000 ಡಾಲರ್‌ಗೆ ಕೊಂಡು, ಜನ ಸಂಜೆ ಹೊತ್ತು ಬಂದು ಐಸ್‌ಕ್ರೀಂ ತಿಂದು ಸಂಗೀತ ಕೇಳೋ ಜಾಗ ಮಾಡ್ತೀನಿ ಅಂದ ಫ್ರೆಂಚ್ ವ್ಯಾಪಾರಿಗೆ ಗುತ್ತಿಗೆ ಕೊಟ್ಟ. ಎರಡು ದಶಕ ಜನ ಅಲ್ಲಿ ಹಾಡು ಕೇಳಿದರು, ಪಟಾಕಿ ನೋಡಿದರು. ಗುತ್ತಿಗೆ ಮುಗಿಯೋ ಹೊತ್ತಿಗೆ ಊರು ತೋಟದ ಬಾಗಿಲಿಗೇ ಬಂದಿತ್ತು. ಆಸ್ಟರ್ ತೋಟದ ಮಧ್ಯದಲ್ಲೇ ಅಗಲವಾದ ರಸ್ತೆ ಹಾಕಿಸಿ, ಎರಡೂ ಬದಿಯ ಸೈಟುಗಳನ್ನ ಊರಿನ ಸಿರಿವಂತರಿಗೆ ಮಾರಿದ. ಲಾಫಯೆಟ್ ಪ್ಲೇಸ್ ಅಂತ ಹೆಸರಾದ ಆ ಬೀದಿ ಕೆಲಕಾಲ ಇಡೀ ನ್ಯೂಯಾರ್ಕ್‌ನಲ್ಲೇ ಪ್ರತಿಷ್ಠೆಯ ವಿಳಾಸ.

ಆರನ್ ಬರ್ ಕಥೆ ಬೇರೆ ಥರ. ಬರ್ ಅಮೆರಿಕದ ಉಪಾಧ್ಯಕ್ಷ. ರಿಚ್ಮಂಡ್ ಹಿಲ್ ಅನ್ನೋ ಗುಡ್ಡದ ಮೇಲೆ ಭಾರೀ ಬಂಗಲೆ, ಸುತ್ತ ಎಸ್ಟೇಟು. ಆ ನೆಲ ಟ್ರಿನಿಟಿ ಚರ್ಚ್‌ನದ್ದು, 1767ರಲ್ಲೇ 99 ವರ್ಷದ ಗುತ್ತಿಗೆಗೆ ಹೋಗಿತ್ತು. ಗುತ್ತಿಗೆ ಕೈ ಬದಲಾಗುತ್ತಾ ಬರ್ ಹತ್ತಿರ ಬಂದಿತ್ತು. ಬರ್ ಐಷಾರಾಮದ ಮನುಷ್ಯ, ಸಾಲ ಕುತ್ತಿಗೆವರೆಗೆ. ಗುತ್ತಿಗೆಯ ದೊಡ್ಡ ಭಾಗವನ್ನ ಆಸ್ಟರ್ ಕೊಂಡ. 1804ರ ಜುಲೈನಲ್ಲಿ ಬರ್ ದ್ವಂದ್ವಯುದ್ಧದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ಗುಂಡಿಟ್ಟು ಕೊಂದು ಊರು ಬಿಟ್ಟು ಓಡಿದ. ಉಳಿದದ್ದೂ ಆಸ್ಟರ್ ಪಾಲಾಯ್ತು. ಆಮೇಲೆ ಸೈಟು ಸೈಟಾಗಿ ಒಡೆದು ಒಳಗುತ್ತಿಗೆ. 1820ರಲ್ಲಿ ಗುಡ್ಡ ಕಡಿದು ಬೀದಿ ಮಾಡುವಾಗ, ವಾಷಿಂಗ್ಟನ್ ಯುದ್ಧಕಾಲದಲ್ಲಿ ತಂಗಿದ್ದ ಆ ಬಂಗಲೆಯನ್ನ ದಿಮ್ಮಿಗಳ ಮೇಲೆ ಉರುಳಿಸಿ ಕೆಳಗಿಳಿಸಿದರು. ಕೊನೆಗೆ ಅದು ನಾಟಕದ ಥಿಯೇಟರ್ ಆಯ್ತು.

ಇಪ್ಪತ್ತು ವರ್ಷ ದಾಟಿದ ಒಂದು ವ್ಯವಹಾರ

ಆಸ್ಟರ್‌ನ ಹಠ ಎಂಥದ್ದು ಅಂತ ಸರಿಯಾಗಿ ಗೊತ್ತಾಗೋದು ಮ್ಯಾನ್‌ಹ್ಯಾಟನ್‌ನಲ್ಲಿ ಅಲ್ಲ. ಅಲ್ಲಿಂದ ಉತ್ತರಕ್ಕೆ, ಹಡ್ಸನ್ ನದಿಯ ಪಕ್ಕ, ಪಟ್ನಮ್ ಕೌಂಟಿ ಅನ್ನೋ ರೈತರ ನಾಡಿನಲ್ಲಿ.

ಆ ಭಾಗದ 51,000 ಎಕರೆ ಹಿಂದೆ ಮೇರಿ ಫಿಲಿಪ್ಸ್ ಅನ್ನೋ ಜಮೀನ್ದಾರರ ಮಗಳದ್ದು. ಜಾರ್ಜ್ ವಾಷಿಂಗ್ಟನ್ ಒಂದು ಕಾಲಕ್ಕೆ ಆಕೆಯನ್ನ ಮದುವೆ ಆಗಬೇಕು ಅಂದುಕೊಂಡಿದ್ದ ಅಂತಲೂ ಮಾತಿದೆ. ಆಕೆ 1758ರಲ್ಲಿ ರೋಜರ್ ಮಾರಿಸ್ ಅನ್ನೋ ಬ್ರಿಟಿಷ್ ಅಧಿಕಾರಿಯ ಕೈ ಹಿಡಿದಳು. ಸ್ವಾತಂತ್ರ್ಯ ಯುದ್ಧದಲ್ಲಿ ಗಂಡ ಹೆಂಡತಿ ಬ್ರಿಟಿಷರ ಕಡೆ ನಿಂತರು. ನ್ಯೂಯಾರ್ಕ್ ರಾಜ್ಯ ಸರ್ಕಾರ 1779ರಲ್ಲಿ ಅವರನ್ನ ದ್ರೋಹಿಗಳು ಅಂತ ಘೋಷಿಸಿ ಜಮೀನು ಮುಟ್ಟುಗೋಲು ಹಾಕಿಕೊಂಡಿತು. ಅವರು ಇಂಗ್ಲೆಂಡ್‌ಗೆ ಹೋದರು. ಸರ್ಕಾರ ಆ ಜಮೀನನ್ನ ರೈತರಿಗೆ ಮಾರಿತು. ರೈತರು ದುಡ್ಡು ಕಟ್ಟಿ, ಸರ್ಕಾರದ ಪತ್ರ ತಗೊಂಡು, ಕಲ್ಲು ಹೆಕ್ಕಿ ಗೋಡೆ ಹಾಕಿ ಉತ್ತು ಬಿತ್ತು ನೆಲೆ ನಿಂತರು.

ಇಲ್ಲಿ ಒಂದು ಸಣ್ಣ ತೊಡಕಿತ್ತು. ಮದುವೆ ಸಮಯದಲ್ಲಿ ಬರೆಸಿದ ಪತ್ರದ ಪ್ರಕಾರ ಜಮೀನು ಗಂಡ ಹೆಂಡತಿ ಬದುಕಿರೋವರೆಗೆ ಮಾತ್ರ ಅವರದ್ದು, ಆಮೇಲೆ ಮಕ್ಕಳದ್ದು. ಹಾಗಾದರೆ ಸರ್ಕಾರ ಕಿತ್ತುಕೊಂಡದ್ದು ಅಪ್ಪ ಅಮ್ಮನ ಜೀವಿತಾವಧಿಯ ಹಕ್ಕು ಅಷ್ಟೇ. ಮಕ್ಕಳ ಹಕ್ಕು ಹಾಗೇ ಉಳಿದಿದೆ. ಈ ತೊಡಕು ಆಸ್ಟರ್ ಕಿವಿಗೆ ಬಿತ್ತು. ವಕೀಲರ ಹತ್ತಿರ ಪತ್ರ ಓದಿಸಿದ. 1809ರಲ್ಲಿ ಮಾರಿಸ್ ಮಕ್ಕಳ ಹಕ್ಕನ್ನ 20,000 ಪೌಂಡ್ ಅಂದ್ರೆ ಸುಮಾರು 1 ಲಕ್ಷ ಡಾಲರ್ ಕೊಟ್ಟು ಕೊಂಡುಬಿಟ್ಟ.

ಕೊಂಡದ್ದು ಏನು? ಸ್ವಾಧೀನ ಇಲ್ಲ, ಬಾಡಿಗೆ ಇಲ್ಲ, ಬೆಳೆ ಇಲ್ಲ. ರೋಜರ್ ಮಾರಿಸ್ 1794ರಲ್ಲೇ ತೀರಿಕೊಂಡಿದ್ದ. ಇಂಗ್ಲೆಂಡ್‌ನಲ್ಲಿ ಒಬ್ಬ ಮುದುಕಿ ಕಣ್ಣು ಮುಚ್ಚೋವರೆಗೆ ಆಸ್ಟರ್ ಬಾಯಿ ತೆರೆಯೋ ಹಾಗಿಲ್ಲ. ಮೇರಿ ಮಾರಿಸ್‌ಗೆ ಆಗ ಎಂಬತ್ತರ ಆಸುಪಾಸು. ಇನ್ನೇನು ಒಂದೆರಡು ವರ್ಷ ಅಂತ ಯಾರಾದ್ರೂ ಲೆಕ್ಕ ಹಾಕೋರು. ಆಕೆ ಹದಿನಾರು ವರ್ಷ ಬದುಕಿದಳು. ತೀರಿಕೊಂಡದ್ದು 1825ರಲ್ಲಿ.

ಅಷ್ಟು ದಿನ ಆಸ್ಟರ್ ಸುಮ್ಮನಿದ್ದ ಅಂತಲ್ಲ. ಮಧ್ಯದಲ್ಲಿ ಈ ಹಕ್ಕನ್ನ ಸರ್ಕಾರಕ್ಕೇ ಮಾರೋಕೆ ಮುಂದೆ ಬಂದ, ಮಾತುಕತೆ ಆಯ್ತು, ಕುದುರಲಿಲ್ಲ. ಅತ್ತ ಸುಮಾರು 700 ರೈತ ಕುಟುಂಬಗಳು. ದುಡ್ಡು ಕೊಟ್ಟು ಸರ್ಕಾರದಿಂದಲೇ ಕೊಂಡ ಜಮೀನು, ಒಂದು ತಲೆಮಾರು ದುಡಿದ ಜಮೀನು. ಮಗಳ ಮದುವೆಗೋ ಸಾಲಕ್ಕೋ ಅದನ್ನ ಮಾರೋಣ ಅಂದ್ರೆ ಕೊಳ್ಳೋರಿಗೆ ಭಯ, ಮೇಲೆ ಆಸ್ಟರ್ ತೂಗುಗತ್ತಿ ನೇತಾಡ್ತಿದೆ. ಕೊಟ್ಟಿಗೆ ದೊಡ್ಡದು ಮಾಡೋಣ ಅಂದ್ರೂ ಯಾರಿಗಾಗಿ ಅನ್ನೋ ಪ್ರಶ್ನೆ. ಒಬ್ಬನ ತಾಳ್ಮೆ ಇನ್ನೊಬ್ಬನಿಗೆ ನಿದ್ದೆಗೇಡು ಆಗೋದು ಹೀಗೆ.

ಮುದುಕಿ ಸತ್ತ ಮೇಲೆ ಆಸ್ಟರ್ ಜಮೀನು ಬಿಡಿಸೋ ದಾವೆಗೆ ಕೈ ಹಾಕಿದ. 1827ರಲ್ಲಿ ರಾಜ್ಯ ಶಾಸನಸಭೆ ಒಂದು ಕಾಯ್ದೆ ಮಾಡಿತು. ಕೆಲವು ದಾವೆ ಮಾದರಿಯಾಗಿ ನಡೆಯಲಿ, ಸುಪ್ರೀಂ ಕೋರ್ಟ್‌ವರೆಗೂ ಹೋಗಲಿ, ಆಸ್ಟರ್ ಗೆದ್ದರೆ ಸರ್ಕಾರವೇ ದುಡ್ಡು ಕೊಟ್ಟು ರೈತರನ್ನ ಉಳಿಸಿಕೊಳ್ಳುತ್ತೆ ಅಂತ. ಆ ಕಾಲದ ಹೆಸರಾಂತ ವಕೀಲ ಡೇನಿಯಲ್ ವೆಬ್‌ಸ್ಟರ್ ಆಸ್ಟರ್ ವಿರುದ್ಧದ ಪಕ್ಷಕ್ಕೆ ವಾದಿಸಿದ. 1830ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಮದುವೆ ಪತ್ರ ಕಾನೂನುಬದ್ಧ, ಮಕ್ಕಳ ಹಕ್ಕು ಉಳಿದಿದೆ ಅನ್ನೋದನ್ನ ಎತ್ತಿಹಿಡಿಯಿತು. ಕೊನೆಗೆ ಸರ್ಕಾರ ಸುಮಾರು 5 ಲಕ್ಷ ಡಾಲರ್ ಮೌಲ್ಯದ ಬಾಂಡು ಕೊಟ್ಟು ಲೆಕ್ಕ ಚುಕ್ತಾ ಮಾಡಿತು. ರೈತರ ಜಮೀನು ರೈತರಿಗೆ ಉಳಿಯಿತು. ಬೆಲೆ ತೆತ್ತದ್ದು ತೆರಿಗೆ ಕಟ್ಟೋ ಜನ.

1 ಲಕ್ಷಕ್ಕೆ 5 ಲಕ್ಷ ಅಂದ್ರೆ ಕೇಳೋಕೆ ಚೆಂದ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಬಡ್ಡಿ, ವಕೀಲರ ಫೀಸು ಹಿಡಿದು ನೋಡಿದರೆ ಅಂಥ ಅದ್ಭುತ ಲಾಭವೇನಲ್ಲ. ಆದರೂ ಗಮನಿಸಬೇಕಾದದ್ದು ಬೇರೆ. ಇಷ್ಟು ವರ್ಷ 1 ಲಕ್ಷ ಡಾಲರ್ ಸತ್ತ ಹಾಗೆ ಬಿದ್ದಿದ್ದರೂ ಆಸ್ಟರ್ ಮನೆಯ ಒಲೆ ಒಂದು ದಿನವೂ ಆರಲಿಲ್ಲ. ಒಂದು ಕಡೆ ತುಪ್ಪಳ, ಇನ್ನೊಂದು ಕಡೆ ಚೀನಾದ ಹಡಗು, ಮತ್ತೊಂದು ಕಡೆ ಸೈಟುಗಳ ಬಾಡಿಗೆ ಬರ್ತಾನೇ ಇತ್ತು. ಬಡ್ಡಿಗೆ ಸಾಲ ತಂದು ಕೊಂಡವನು ಇಷ್ಟು ದಿನ ಹೇಗೆ ಕಾಯ್ತಾನೆ? ಆರನ್ ಬರ್ ಕೈಯಲ್ಲೂ ಒಳ್ಳೆಯ ಜಾಗವೇ ಇತ್ತು. ಅವನಿಗೆ ಇರದೇ ಇದ್ದದ್ದು ಸಮಯ.

ಬಿಟ್ಟದ್ದೂ ಉಂಟು

ಆಸ್ಟರ್ ಹಿಡಿದದ್ದನ್ನೆಲ್ಲ ಬಿಡದೆ ಹಿಡಿದ ಅಂತಲೂ ಅಲ್ಲ. ಪೆಸಿಫಿಕ್ ಕರಾವಳಿಯಲ್ಲಿ, ಕೊಲಂಬಿಯಾ ನದಿ ಸಮುದ್ರ ಸೇರೋ ಕಡೆ 1811ರಲ್ಲಿ ಅಸ್ಟೋರಿಯಾ ಅಂತ ಕೋಟೆ ಕಟ್ಟಿಸಿ ತುಪ್ಪಳದ ದೊಡ್ಡ ಸಾಮ್ರಾಜ್ಯದ ಕನಸು ಕಂಡ. ಅಲ್ಲಿಗೆ ಕಳಿಸಿದ ಟಾಂಕ್ವಿನ್ ಅನ್ನೋ ಹಡಗು ಬುಡಕಟ್ಟು ಜನರ ಜೊತೆಗಿನ ಜಗಳದಲ್ಲಿ ನಾಶವಾಯ್ತು. ಬ್ರಿಟನ್ ಜೊತೆ ಯುದ್ಧ ಶುರುವಾಗಿ, 1813ರಲ್ಲಿ ಅಲ್ಲಿದ್ದ ಪಾಲುದಾರರು ಕೋಟೆಯನ್ನ ಕೆನಡಾದ ಕಂಪನಿಗೆ ಮಾರಿ ಕೈ ತೊಳೆದುಕೊಂಡರು. ನಷ್ಟ ಭಾರಿ. ಟೋಪಿಯ ಫ್ಯಾಷನ್ ಬದಲಾಗ್ತಾ ಬೀವರ್ ಬೇಡಿಕೆ ಇಳಿಯೋ ಸೂಚನೆ ಕಂಡ ಕೂಡಲೇ, 1834ರಲ್ಲಿ ತುಪ್ಪಳದ ಕಂಪನಿಯ ತನ್ನ ಪಾಲನ್ನೇ ಮಾರಿಬಿಟ್ಟ. ಐವತ್ತು ವರ್ಷದ ಕಸುಬು ಅಂತ ಮರುಗಲಿಲ್ಲ. ಆಮೇಲೆ ಪೂರ್ತಿ ನೆಲವೇ.

ಆ ವರ್ಷವೇ ಸಾರಾ ತೀರಿಕೊಂಡಳು. ಆತ ಯುರೋಪಿನಲ್ಲಿದ್ದ, ವಾಪಸ್ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಮಕ್ಕಳಲ್ಲಿ ಕೆಲವರು ಮೊದಲೇ ಹೋಗಿದ್ದರು. ತನ್ನ ಹೆಸರೇ ಇಟ್ಟಿದ್ದ ಹಿರಿಮಗನಿಗೆ ಮಾನಸಿಕ ಕಾಯಿಲೆ. ಎಲ್ಲ ನೋಡಿಕೊಂಡದ್ದು ಇನ್ನೊಬ್ಬ ಮಗ ವಿಲಿಯಂ.

1836ರಲ್ಲಿ ಬ್ರಾಡ್‌ವೇನಲ್ಲಿ, ತಾನೇ ಬಾಳಿ ಬದುಕಿದ್ದ ಮನೆಯನ್ನೂ ಕೆಡವಿಸಿ, ಅಕ್ಕಪಕ್ಕದ ಮನೆಗಳನ್ನ ಒಂದೊಂದಾಗಿ ಕೊಂಡು ಸೇರಿಸಿ, 300ಕ್ಕೂ ಹೆಚ್ಚು ಕೋಣೆಯ ಆಸ್ಟರ್ ಹೌಸ್ ಹೋಟೆಲ್ ತೆರೆದ. ಮರುವರ್ಷವೇ 1837ರ ಆರ್ಥಿಕ ಕುಸಿತ. ಬ್ಯಾಂಕುಗಳು ಬಾಗಿಲು ಹಾಕಿದವು. ಸೈಟಿನ ಬೆಲೆ ಏರುತ್ತೆ ಅಂತ ಸಾಲ ಮಾಡಿ ಕೊಂಡಿದ್ದವರೆಲ್ಲ ಬೀದಿಗೆ ಬಂದರು. ಎಲ್ಲರೂ ಮಾರೋಕೆ ಓಡುವಾಗ ಆಸ್ಟರ್ ಕೈಯಲ್ಲಿ ನಗದಿತ್ತು. ಅಗ್ಗಕ್ಕೆ ಕೊಂಡ. ಅಡಮಾನ ಇಟ್ಟು ಕಟ್ಟಲಾರದೆ ಹೋದವರ ಆಸ್ತಿಯನ್ನ ಕೋರ್ಟ್ ಮೂಲಕ ತನ್ನದು ಮಾಡಿಕೊಂಡ. ಬೆಲೆ ಏರುತ್ತೆ ಅನ್ನೋ ಅವರ ಲೆಕ್ಕವೂ ಕೊನೆಗೆ ಸರಿಯೇ ಆಗಿತ್ತು. 1850ಕ್ಕೆ ಊರಿನ ಜನಸಂಖ್ಯೆ ಐದು ಲಕ್ಷ ದಾಟಿತು, ಅವರು ಕಳೆದುಕೊಂಡ ಸೈಟಿಗೂ ಬೆಲೆ ಬಂತು. ಬಂದಾಗ ಅದು ಅವರ ಹೆಸರಿನಲ್ಲಿ ಇರಲಿಲ್ಲ.

ಕೊನೆಗಾಲದಲ್ಲಿ ದೇಹ ಕುಸಿದಿತ್ತು. ವ್ಯಾಯಾಮ ಆಗಲಿ ಅಂತ ಆಳುಗಳು ಕಂಬಳಿಯಲ್ಲಿ ಮಲಗಿಸಿ ಮೆಲ್ಲಗೆ ಮೇಲೆ ಕೆಳಗೆ ಎಸೀತಿದ್ದರಂತೆ. ಒಂದು ದಿನ ಆ ಕಂಬಳಿಯಲ್ಲಿ ಮಲಗಿಕೊಂಡೇ, ಬಾಕಿ ಉಳಿಸಿಕೊಂಡ ಒಬ್ಬ ಮುದುಕಿಯ ಬಾಡಿಗೆ ಬಂತಾ ಅಂತ ಏಜೆಂಟನನ್ನ ವಿಚಾರಿಸಿದನಂತೆ. ಆಕೆಗೆ ಕಷ್ಟ ಇದೆ ಅಂದರೂ ಬಿಡಲಿಲ್ಲ. ಏಜೆಂಟ್ ಹೋಗಿ ಮಗ ವಿಲಿಯಂಗೆ ಹೇಳಿದ, ಮಗ ತನ್ನ ಜೇಬಿನಿಂದ ದುಡ್ಡು ಕೊಟ್ಟು, ಆಕೆ ಕೊಟ್ಟಳು ಅಂತ ಹೇಳು ಅಂದ. ಏಜೆಂಟ್ ಹಾಗೇ ತಂದು ಕೊಟ್ಟಾಗ ಮುದುಕನಿಗೆ ಖುಷಿಯೋ ಖುಷಿ, ಹೇಗೆ ಕೇಳಿದರೆ ಬರುತ್ತೆ ನೋಡು ಅಂತ. ಇದೂ ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಊರ ಜನ ಆತನ ಬಗ್ಗೆ ಇಂಥ ಕಥೆ ನಂಬೋಕೆ ತಯಾರಿದ್ದರು ಅನ್ನೋದು ಸುಳ್ಳಲ್ಲ.

1848ರ ಮಾರ್ಚ್ 29ರಂದು, 84ರ ವಯಸ್ಸಿನಲ್ಲಿ ಆಸ್ಟರ್ ತೀರಿಕೊಂಡ. ಉಯಿಲಿನಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ 4 ಲಕ್ಷ ಡಾಲರ್, ಹುಟ್ಟೂರು ವಾಲ್‌ಡಾರ್ಫ್‌ನ ಬಡವರಿಗೆ 50,000 ಡಾಲರ್ ಬರೆದಿಟ್ಟಿದ್ದ. ವಾಕ್ಸ್‌ಹಾಲ್ ತೋಟ ಇದ್ದ ಜಾಗದಲ್ಲೇ ಆ ಗ್ರಂಥಾಲಯ ಎದ್ದಿತು. ಮಿಕ್ಕದ್ದರಲ್ಲಿ ಬಹುಪಾಲು ವಿಲಿಯಂಗೆ. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಸಂಪಾದಕ ಜೇಮ್ಸ್ ಗಾರ್ಡನ್ ಬೆನೆಟ್ ಇದನ್ನ ಒಪ್ಪಲಿಲ್ಲ. ಈ ಆಸ್ತಿಯಲ್ಲಿ ಅರ್ಧದಷ್ಟು ನಿಜವಾಗಿ ನ್ಯೂಯಾರ್ಕ್ ಜನಕ್ಕೆ ಸೇರಬೇಕು, ಯಾಕಂದ್ರೆ ಆ ನೆಲಕ್ಕೆ ಬೆಲೆ ತಂದದ್ದು ಅವರ ದುಡಿಮೆ ಅನ್ನೋದು ಆತನ ವಾದ. ವಾದ ಅಚ್ಚಾಯ್ತು, ಉಯಿಲು ಹಾಗೇ ಜಾರಿಯಾಯ್ತು.

ವಂಶಕ್ಕೆ ನೆಲ ಬಿಡೋ ಅಭ್ಯಾಸ ಬರಲಿಲ್ಲ. ವಿಲಿಯಂ ಅಪ್ಪನಿಗಿಂತ ಜಾಸ್ತಿ ಕೊಂಡ, ನ್ಯೂಯಾರ್ಕ್‌ನ ಜಮೀನ್ದಾರ ಅಂತಲೇ ಕರೆಸಿಕೊಂಡ. ಮರಿಮಕ್ಕಳಿಬ್ಬರು ಪಕ್ಕಪಕ್ಕದಲ್ಲೇ ಕಟ್ಟಿಸಿದ ಹೋಟೆಲುಗಳು ಸೇರಿ ವಾಲ್ಡಾರ್ಫ್ ಅಸ್ಟೋರಿಯಾ ಆಯ್ತು. ಅದನ್ನ ಕೆಡವಿದ ಜಾಗದಲ್ಲೇ ಈಗ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಇರೋದು. ಆ ಇಬ್ಬರಲ್ಲಿ ಒಬ್ಬ, ಮುತ್ತಾತನ ಹೆಸರೇ ಹೊತ್ತಿದ್ದ ನಾಲ್ಕನೇ ಜಾನ್ ಜೇಕಬ್ ಆಸ್ಟರ್, 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿದ.

ಇನ್ನು ಆರನ್ ಬರ್‌ನಿಂದ ಕೊಂಡಿದ್ದ ಆ ರಿಚ್ಮಂಡ್ ಹಿಲ್ ಗುತ್ತಿಗೆ. ಅದರ 99 ವರ್ಷ ಮುಗಿದದ್ದು 1866ರಲ್ಲಿ, ಆಸ್ಟರ್ ಸತ್ತು ಹದಿನೆಂಟು ವರ್ಷಕ್ಕೆ. ಅಷ್ಟು ಹೊತ್ತಿಗೆ ಗುಡ್ಡ ಇರಲಿಲ್ಲ, ಬಂಗಲೆ ಇರಲಿಲ್ಲ, ಸಾಲುಸಾಲು ಮನೆಗಳ ಬೀದಿಗಳಿದ್ದವು. ನೆಲ ಟ್ರಿನಿಟಿ ಚರ್ಚ್‌ಗೆ ವಾಪಸ್ ಹೋಯ್ತು.